ಪಟ್ಟೆ ಅಂಗಿಗೆ ಬಿಸಿಲು

ಅಂಗಿ ಇನ್ನೂ ಒಣಗಿರಲಿಲ್ಲ. ಅಟ್ಟದ ಕೆಳಗಿನ ಬಿದಿರಿಗೆ ಹಾಕಿದ್ದ ಅದನ್ನು ಜಯಕ್ಕ ಕಂಕುಳ ಹತ್ತಿರ ಮುಟ್ಟಿ ನೋಡಿದಳು, ಕಾಲರನ್ನು ಮೂಗಿಗೆ ಹಿಡಿದಳು, ಮುಖ ಕಿವುಚಿದಳು. ಬಿಸಿಲು ಕಾಣದ ಬಟ್ಟೆಯ ಮುಗ್ಗು ವಾಸನೆ. ಒಳಕೋಣೆಯಲ್ಲಿ ಬರಿಮೈಗೆ ಕಂಬಳಿ ಸುತ್ತಿಕೊಂಡು ಕೂತಿದ್ದ ತಮ್ಮ ಮೂರ್ತಪ್ಪ, ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡು ಕೆಮ್ಮಿದ. ಕೆಮ್ಮು ಹೊರಗೆ ಕೇಳಬಾರದು. ಅಂಗಿ ಹೊರಗೆ ಕಾಣಬಾರದು.

ಆ ಓಣಿಯಲ್ಲಿ ಜಯಕ್ಕ ಒಂಟಿ ಹೆಂಗಸು. ಗಂಡ ತೀರಿಕೊಂಡ ಕೆಲವೇ ದಿನಗಳಲ್ಲಿ ಅವನ ಪಂಚೆ, ಅಂಗಿ, ಕೋಟುಗಳನ್ನೆಲ್ಲ ಕೇಳಿದವರಿಗೆ ಕೊಟ್ಟುಬಿಟ್ಟಿದ್ದಳು. ಅಲ್ಲಿಂದೀಚೆಗೆ ಅವಳ ಹಿತ್ತಲ ಹಗ್ಗದ ಮೇಲೆ ಸೀರೆ ಕುಪ್ಪಸಗಳಲ್ಲದೆ ಬೇರೆ ಬಟ್ಟೆ ಹಾರಾಡಿದ್ದನ್ನು ಹೊಸದುರ್ಗದಲ್ಲಿ ಯಾರೂ ಕಂಡಿರಲಿಲ್ಲ. ಈಗ ಅಲ್ಲಿ ಗಂಡಸಿನ ಅಂಗಿ, ಅದೂ ನೀಲಿ ಪಟ್ಟೆಯದು, ತೂಗಾಡಿದರೆ ಯಾರಿಗೂ ಬಾಯಿಬಿಟ್ಟು ಹೇಳುವುದೇ ಬೇಡ.

ಮೂರ್ತಪ್ಪ ಹಿರಿಯೂರಿನಲ್ಲಿ ಮೇಷ್ಟ್ರಾಗಿದ್ದ. ಎಪ್ಪತ್ತೈದರ ಆ ವರ್ಷ ತುರ್ತು ಪರಿಸ್ಥಿತಿ ಬಂದು, ಎದುರು ಮಾತಾಡಿದವರನ್ನು ಹಿಡಿದು ಒಳಗೆ ಹಾಕುತ್ತಿದ್ದಾಗ ಇವನು ಸ್ನೇಹಿತರ ಜೊತೆ ಸೇರಿ ಗೋಡೆಗಳಿಗೆ ಕಾಗದ ಅಂಟಿಸಿದ್ದ. ಸ್ನೇಹಿತರು ಸಿಕ್ಕಿಬಿದ್ದರು. ಯಾವ ಜೈಲು, ಎಷ್ಟು ದಿನ ಎಂದು ಅವರ ಮನೆಯವರಿಗೂ ಹೇಳುವವರಿರಲಿಲ್ಲ. ಇವನು ತೊಟ್ಟ ಬಟ್ಟೆಯಲ್ಲೇ ತಪ್ಪಿಸಿಕೊಂಡು, ಮಂಜು ಮುಸುಕಿದ ಒಂದು ಬೆಳಗ್ಗೆ ಅಕ್ಕನ ಹಿತ್ತಲ ಬಾಗಿಲು ತಟ್ಟಿದ್ದ. ತೆಂಗಿನಕಾಯಿ ಗಾಡಿಯ ಕೆಂಚಣ್ಣ ಜಯಕ್ಕನ ಗಂಡನ ಕಾಲದಿಂದ ನಂಬಿಕೆಯ ಮನುಷ್ಯ. ಹೊರಕೆರೆದೇವಪುರದ ಕಡೆ ಕಾಯಿ ಹೇರಿಕೊಂಡು ಹೋಗುವಾಗ ಇವನನ್ನೂ ಕರೆದೊಯ್ಯಲು ಒಪ್ಪಿದ್ದ. ಅದಕ್ಕೆ ಇನ್ನೂ ವಾರವಿತ್ತು. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದಂತೆ ತಮ್ಮನನ್ನು ಇಟ್ಟುಕೊಳ್ಳಬೇಕು, ಅಷ್ಟೇ ಕೆಲಸ.

ಆ ಅಷ್ಟೇ ಕೆಲಸವನ್ನು ಕಷ್ಟ ಮಾಡಿದ್ದು ಜಯಕ್ಕನ ಕೈಯೇ. ಅವಳ ಮನೆಯಲ್ಲಿ ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಯಾರೂ ತುತ್ತೆತ್ತುವಂತಿರಲಿಲ್ಲ. ಸ್ನಾನ ಮಾಡಿದವರು ನಿನ್ನೆಯ ಬಟ್ಟೆಯನ್ನು ಮತ್ತೆ ತೊಡುವಂತಿರಲಿಲ್ಲ. ತಾಯಿಯಿಲ್ಲದ ಮೂರ್ತಪ್ಪನನ್ನು ಅವಳು ಬೆಳೆಸಿದ್ದೂ ಹೀಗೆಯೇ. ಈಗಂತೂ ರಾತ್ರಿಯೆಲ್ಲ ಜ್ವರಕ್ಕೆ ಬೆವರಿದ ಅಂಗಿ. ಒಂದು ವಾರ ಒಗೆಯದಿದ್ದರೆ ಏನಾದೀತು ಎಂದು ತನ್ನನ್ನು ತಾನೇ ಕೇಳಿಕೊಂಡಳು. ಏನೂ ಆಗುವುದಿಲ್ಲವೆಂದು ಗೊತ್ತಿತ್ತು. ಆದರೂ ಬೆಳಗಾದರೆ ಕೈ ಅಂಗಿಯನ್ನು ಎಳೆದುಕೊಂಡು ಒಗೆಯುವ ಕಲ್ಲಿನ ಕಡೆ ಹೊರಡುತ್ತಿತ್ತು.

“ಪೊಲೀಸ್ನೋರು ನನ್ನ ಹುಡುಕ್ಕಂಡು ಬರೋದೇ ಬ್ಯಾಡ ಬಿಡಕ್ಕ,” ಎಂದ ಮೂರ್ತಪ್ಪ ಕಂಬಳಿಯೊಳಗಿಂದ. “ನಿನ್ನ ಒಗೆಯೋ ಕಲ್ಲೇ ನನ್ನ ಹಿಡ್ಕೊಡ್ತೈತೆ.”

“ಲೇ, ಬೆವರಿದ ಅಂಗಿ ಹಾಕ್ಕಂಡು ಲಿಂಗ ಮುಟ್ತೀಯೇನೋ? ಸುಮ್ನೆ ಕುಂತ್ಕ.”

ಪಂಚೆಯ ಚಿಂತೆ ಇರಲಿಲ್ಲ. ಬಿಳಿ ಬಟ್ಟೆ, ಹಾಸಿಗೆಯ ಹೊದಿಕೆಯೆಂದು ಹೊರಗೇ ಹರವಬಹುದಿತ್ತು. ಅಂಗಿಗೆ ಮಾತ್ರ ತೋಳಿದ್ದವು, ಕಾಲರಿತ್ತು.

ಓಣಿಯ ಹಿಂದೆ ತೆಂಗಿನ ತೋಟ. ಬೇಸಿಗೆಯಲ್ಲಿ ತಂಪು ಕೊಡುವ ಅದೇ ತೋಟ ಚಳಿಗಾಲದಲ್ಲಿ ಬಿಸಿಲನ್ನು ನುಂಗಿಕೊಂಡು ನಿಲ್ಲುತ್ತಿತ್ತು. ಹೊತ್ತೇರಿದ ಮೇಲೆ ಇಷ್ಟಗಲ ಬಿಸಿಲು ಮೊದಲು ಪಕ್ಕದ ಮನೆ ಏಕಾಂತಮ್ಮನ ಹಿತ್ತಲಿಗೆ ಬಿದ್ದು, ಮಧ್ಯಾಹ್ನ ಕಳೆದು ಮೋಟುಗೋಡೆ ದಾಟಿ ಜಯಕ್ಕನ ಕಡೆಗೆ ಬರುವಷ್ಟರಲ್ಲಿ ಸತ್ವಗೆಟ್ಟಿರುತ್ತಿತ್ತು. ಹಿಂದೆ ಇಬ್ಬರಿಗೂ ಒಂದೇ ಹಗ್ಗ, ಇವಳ ಕಂಬದಿಂದ ಅವಳ ತೆಂಗಿನ ಮರದವರೆಗೆ. ಹೋದ ಚಳಿಗಾಲದಲ್ಲಿ ಯಾರ ಬಟ್ಟೆ ಬಿಸಿಲಿನ ತುದಿಗಿರಬೇಕೆಂದು ಜಗಳವಾಗಿ ಏಕಾಂತಮ್ಮ ಕುಡುಗೋಲು ತಂದು ಹಗ್ಗ ಕೊಯ್ದಿದ್ದಳು. ಅಂದಿನಿಂದ ಮಾತಿಲ್ಲ. ಹೇಳಲೇಬೇಕಾದ್ದು ಇದ್ದರೆ ಏಕಾಂತಮ್ಮ ತನ್ನ ಕರು ಚುಕ್ಕಿಗೆ ಹೇಳುತ್ತಿದ್ದಳು, ಗೋಡೆಯಾಚೆಗೆ ಕೇಳುವಷ್ಟು ಗಟ್ಟಿಯಾಗಿ. ಜಯಕ್ಕನ ಬಳಿ ದನಕರು ಇರಲಿಲ್ಲ. ಅವಳು ಬಟ್ಟೆಯನ್ನು ಕಲ್ಲಿಗೆ ಇನ್ನಷ್ಟು ಜೋರಾಗಿ ಬಡಿದು ಉತ್ತರ ಕೊಡುತ್ತಿದ್ದಳು.

ಏಕಾಂತಮ್ಮನ ಗಂಡ ಪಂಚಾಕ್ಷರಪ್ಪ ಗುಮಾಸ್ತ. ಅವರ ಮುಂಗೋಣೆಯಲ್ಲಿ ಬಾಡಿಗೆಗಿದ್ದವನು ಮುನಿಯಪ್ಪ, ಪೊಲೀಸಿನವನು. ಚಳಿ ಹಿಡಿದ ಮೇಲೆ ಅವನು ಬಿಡುವಿದ್ದಾಗಲೆಲ್ಲ ಆ ಹಿತ್ತಲ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ.

ಮುಗ್ಗು ಹೋಗಿಸಲು ಜಯಕ್ಕ ಬುಟ್ಟಿಯೊಂದನ್ನು ಬೋರಲು ಹಾಕಿ, ಒಳಗೆ ಹೆಂಚಿನಲ್ಲಿ ಕೆಂಡವಿಟ್ಟು, ಚಿಟಿಕೆ ಸಾಂಬ್ರಾಣಿ ಉದುರಿಸಿ, ಮೇಲೆ ಅಂಗಿ ಹರವಿದಳು. ಹಸುಗೂಸಿನ ಬಟ್ಟೆ ಒಣಗಿಸುವ ರೀತಿ ಅದು. ಅಂಗಿ ಅರೆಬರೆ ಒಣಗಿತು. ಹೊಗೆ ಮಾತ್ರ ಮಾಡಿನ ಸಂದಿಯಿಂದ ಹೊರಟು ಗೋಡೆ ದಾಟಿತು.

“ನೋಡೇ ಚುಕ್ಕಿ,” ಎಂದಿತು ಆಚೆಯ ದನಿ. “ಬಾಣಂತಿ ಇಲ್ಲದ ಮನೇಲಿ ಸಾಂಬ್ರಾಣಿ ಹಾಕ್ತಾ ಅವ್ರೆ. ಯಾವ ಕೂಸು ಹುಟ್ಟೈತೋ ಏನೋ.”

ಜಯಕ್ಕ ಕೆಂಡಕ್ಕೆ ಚೊಂಬಿನ ನೀರು ಸುರಿದಳು. ಕಲ್ಲಿನ ಹತ್ತಿರ ಹೋಗಿ ಉತ್ತರ ಕೊಡುವ ಧೈರ್ಯ ಬರಲಿಲ್ಲ.

ಮಾರನೆಯ ದಿನ ಇನ್ನೊಂದು ಉಪಾಯ ಹೂಡಿದಳು. ಹಗ್ಗದ ಮೇಲೆ ಒಂದು ಸೀರೆ, ಅದರ ಮೇಲೆ ಅಂಗಿ, ಅಂಗಿಯ ಮೇಲೆ ಇನ್ನೊಂದು ಸೀರೆ. ನೋಡುವವರಿಗೆ ದಪ್ಪ ಮಡಿಕೆಯ ಸೀರೆ, ಅಷ್ಟೇ. ಆದರೆ ಚಳಿಗಾಲದ ಒಣಗಾಳಿ ಯಾರ ಗುಟ್ಟನ್ನೂ ಕಾಯುವಂಥದಲ್ಲ. ಸೆರಗು ಮೇಲೆದ್ದಾಗಲೆಲ್ಲ ನೀಲಿ ತೋಳೊಂದು ಹೊರಗಿಣುಕಿ ಯಾರನ್ನೋ ಕರೆಯುವಂತೆ ಆಡುತ್ತಿತ್ತು. ಜಯಕ್ಕ ಒಳಗೂ ಹೊರಗೂ ತಿರುಗಿದಳು. ಒಲೆಯ ಮೇಲೆ ಹಿಟ್ಟು ಕುದಿಯುತ್ತಿತ್ತು. ಮುದ್ದೆ ತಿರುವಿ ಇಳಿಸಿ ಬರುವಷ್ಟರಲ್ಲಿ ಹಗ್ಗ ಹಗುರವಾಗಿ ತೂಗುತ್ತಿತ್ತು. ಸೀರೆಗಳು ಹಾಗೇ ಇದ್ದವು. ನಡುವೆ ಅಂಗಿ ಇರಲಿಲ್ಲ.

ಕಲ್ಲಿನ ಹಿಂದೆ ನೋಡಿದಳು, ಬಚ್ಚಲ ಗುಂಡಿ ನೋಡಿದಳು. ಕೊನೆಗೆ ಕಲ್ಲಿನ ಮೇಲೆ ಹತ್ತಿ ಗೋಡೆಯಾಚೆ ಕಣ್ಣು ಹಾಯಿಸಿದಳು. ಏಕಾಂತಮ್ಮನ ಹಗ್ಗದ ಮೇಲೆ, ಪಂಚಾಕ್ಷರಪ್ಪನ ಪಂಚೆಗೂ ಬನಿಯನ್ನಿಗೂ ನಡುವೆ, ತುಂಬು ಬಿಸಿಲಿನಲ್ಲಿ ಪಟ್ಟೆ ಅಂಗಿ ತೋಳು ಚಾಚಿಕೊಂಡು ಒಣಗುತ್ತಿತ್ತು. ಅದರ ಪಕ್ಕದಲ್ಲೇ ಮುನಿಯಪ್ಪ ಕುರ್ಚಿಯಲ್ಲಿ ಕೂತು, ಕನ್ನಡಿ ಹಿಡಿದುಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದ.

ಮುಗಿಯಿತು ಎಂದುಕೊಂಡಳು. ಒಳಗೆ ಬಂದು ತಮ್ಮನಿಗೆ ಊಟಕ್ಕಿಟ್ಟಳು. ಅಂಗಿ ಎಲ್ಲಿ ಎಂದು ಅವನು ಕೇಳಿದ್ದಕ್ಕೆ ಅಟ್ಟದ ಮೇಲಿದೆ ಎಂದಳು. ಓಣಿಯಲ್ಲಿ ಚಪ್ಪಲಿ ಸದ್ದಾದರೆ ಎದ್ದು ನಿಲ್ಲುವುದು, ಸದ್ದು ದಾಟಿಹೋದರೆ ಕೂರುವುದು. ಆ ಮಧ್ಯಾಹ್ನವೆಲ್ಲ ಇದೇ ಆಯಿತು. ಯಾರೂ ಬರಲಿಲ್ಲ. ಬಿಸಿಲಿಳಿಯುವ ಹೊತ್ತಿಗೆ ಹಿತ್ತಲಿಗೆ ಹೋದರೆ ಮೋಟುಗೋಡೆಯ ಮೇಲೆ ಅಂಗಿ ಮಡಚಿಟ್ಟಿತ್ತು. ಗರಿಗರಿಯಾಗಿ, ಇನ್ನೂ ಬೆಚ್ಚಗೆ.

ಮರುದಿನ ಒಗೆದ ಅಂಗಿಯನ್ನು ಕೈಯಲ್ಲಿ ಹಿಡಿದು, ಎಲ್ಲಿ ಹಾಕುವುದೆಂದು ತಿಳಿಯದೆ ನಿಂತಿದ್ದಾಗ ಆಚೆಯಿಂದ ದನಿ ಬಂತು.

“ಗೋಡೆ ಮ್ಯಾಲೆ ಇಟ್ರೆ ಬಿಸಿಲು ಸಿಗ್ತೈತೆ ಚುಕ್ಕಿ. ನೆರಳಿನಾಗೆ ಇಟ್ಕಂಡು ಕೊಳೆಸೋದು ಎಂಥಾ ಬುದ್ಧಿ?”

ಜಯಕ್ಕ ಇಟ್ಟಳು. ಅಂದಿನಿಂದ ಅದೇ ಪದ್ಧತಿಯಾಯಿತು. ಬೆಳಗ್ಗೆ ಹಸಿ ಅಂಗಿ ಗೋಡೆಯ ಮೇಲೆ, ಸಂಜೆ ಒಣ ಅಂಗಿ ಗೋಡೆಯ ಮೇಲೆ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೂರ್ತಪ್ಪನ ಕೆಮ್ಮು ಸ್ವಲ್ಪ ಇಳಿಯಿತು, ಜಯಕ್ಕನ ತಳಮಳ ಇಳಿಯಲಿಲ್ಲ. ಏಕಾಂತಮ್ಮ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಮೌನಕ್ಕೆ ಏನು ಕೊಡುವುದು? ಅವಳು ಗುಟ್ಟು ಕಾಯುತ್ತಿದ್ದಾಳೋ, ಹಿಡಿದುಕೊಡಲು ಸಮಯ ಹಣ್ಣಾಗಲೆಂದು ಕಾದಿದ್ದಾಳೋ? ಹಗ್ಗ ಕೊಯ್ಯುವಾಗ ಏಕಾಂತಮ್ಮನ ಮುಖ ಹೇಗಿತ್ತೆಂದು ನೆನೆಸಿಕೊಂಡರೆ ಎರಡನೆಯದೇ ನಿಜವೆನಿಸುತ್ತಿತ್ತು. ಸಂಜೆ ಬೆಚ್ಚಗಿನ ಅಂಗಿ ಕೈಗೆ ಬಂದಾಗ ಮೊದಲನೆಯದು.

ಕೆಂಚಣ್ಣನ ಗಾಡಿ ಹೊರಡುವ ಹಿಂದಿನ ದಿನ ಜಯಕ್ಕ ಪಾತ್ರೆ ಉಜ್ಜುತ್ತಿದ್ದಾಗ ಗೋಡೆಯಾಚೆ ಮುನಿಯಪ್ಪನೂ ಪಂಚಾಕ್ಷರಪ್ಪನೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಪೂರ್ತಿ ಕೇಳಿಸಲಿಲ್ಲ. ಹಿರಿಯೂರು ಎಂಬ ಹೆಸರು ಮಾತ್ರ ಎರಡು ಸಲ ಬಂತು. ಗೋಡೆಯ ಸಂದಿಯಿಂದ ನೋಡಿದಳು. ಏಕಾಂತಮ್ಮ ಹಗ್ಗದ ಹತ್ತಿರ ಹೋಗಿ, ಉಳಿದ ಬಟ್ಟೆಗಳನ್ನೆಲ್ಲ ಬಿಟ್ಟು, ಇನ್ನೂ ಹಸಿಯಿದ್ದ ಪಟ್ಟೆ ಅಂಗಿಯೊಂದನ್ನೇ ಎಳೆದುಕೊಂಡು ಒಳಗೆ ಹೋದಳು.

ಸಂಜೆ ಗೋಡೆಯ ಮೇಲೆ ಬಟ್ಟೆಯಿತ್ತು. ಪಟ್ಟೆ ಅಂಗಿಯಲ್ಲ, ಬಿಳಿ ಅಂಗಿ. ಪಂಚಾಕ್ಷರಪ್ಪ ಕಚೇರಿಗೆ ಹಾಕಿಕೊಂಡು ಹೋಗುವಂಥದು, ನೀಲಿ ಹಾಕಿ ಇಸ್ತ್ರಿ ಮಾಡಿದ್ದು.

ಜಯಕ್ಕ ಅದನ್ನು ಸೆರಗಿನಡಿ ಮುಚ್ಚಿಕೊಂಡು ಒಳಗೆ ಬಂದಳು. ಏಕಾಂತಮ್ಮ ಸಾಕ್ಷಿಗೆಂದು ಪಟ್ಟೆ ಅಂಗಿಯನ್ನು ಇಟ್ಟುಕೊಂಡು, ಅನುಮಾನ ಬಾರದಿರಲೆಂದು ಇದನ್ನು ಕೊಟ್ಟಿದ್ದಾಳೆ. ಬೇರೆ ಏನೂ ಹೊಳೆಯಲಿಲ್ಲ. ಅಷ್ಟು ದಿನದ ಕಥೆಯನ್ನೆಲ್ಲ ಈಗ ತಮ್ಮನ ಮುಂದೆ ಬಿಚ್ಚಿದಳು. ಹಿಡಿದುಕೊಡುವವಳಾಗಿದ್ದರೆ ಇಸ್ತ್ರಿ ಯಾಕೆ ಮಾಡುತ್ತಿದ್ದಳು ಎಂದ ಅವನು. ಆಮೇಲೆ ಅವನೂ ಗೋಡೆಗೆ ಒರಗಿ, ಬಾಗಿಲನ್ನೇ ನೋಡುತ್ತ ಕೂತ.

ನಸುಕಿನಲ್ಲಿ ಕೆಂಚಣ್ಣ ಬಂದ. ಬಿಳಿ ಅಂಗಿ ಮೂರ್ತಪ್ಪನ ಸಣಕಲು ಮೈಗೆ ದೊಗಳೆಯಾಗಿತ್ತು.

“ಗುಮಾಸ್ತನಂಗೆ ಕಾಣ್ತೀನೇನಕ್ಕ?”

“ಕಾಣ್ತೀಯ. ಗುಮಾಸ್ತನಂಗೇ ಬಾಯಿ ಮುಚ್ಕಂಡು ಹೋಗು.”

ಗಾಡಿ ಮಂಜಿನೊಳಗೆ ಕರಗಿತು. ಎತ್ತಿನ ಗಂಟೆ ಸದ್ದು ತಿರುವಿನವರೆಗೂ ಕೇಳಿ ನಿಂತಿತು. ಅದು ತಿರುವಿನಲ್ಲಿ ಮರೆಯಾಗಿ ನಿಂತಿತೋ, ಯಾರಾದರೂ ತಡೆದು ನಿಲ್ಲಿಸಿದರೋ ಎಂದು ಜಯಕ್ಕ ಬಾಗಿಲ ಚಿಲಕ ಹಿಡಿದು ನಿಂತೇ ಇದ್ದಳು.

ಬಿಸಿಲು ಬಿದ್ದ ಮೇಲೆ ಅವಳು ತನ್ನ ಒಂದು ಸೀರೆಯನ್ನು ಕಲ್ಲಿನ ಹತ್ತಿರ ಒಯ್ದಳು. ಬಡಿಯತೊಡಗಿದ್ದಳಷ್ಟೇ, ಆಚೆ ಕುರ್ಚಿ ಎಳೆದ ಸದ್ದು, ಮುನಿಯಪ್ಪನ ಆಕಳಿಕೆ.

“ಏಕಾಂತಮ್ಮಾರೆ, ಯಜಮಾನ್ರ ಆ ಪಟ್ಟೆ ಅಂಗಿ ಎಲ್ರಿ, ಇವತ್ತು ಒಣಹಾಕಿಲ್ಲ?”

ಜಯಕ್ಕನ ಕೈ ಸೀರೆಯ ಮೇಲೆ ನಿಂತಿತು.

“ಹಿರಿಯೂರಿಂದ ಓಡಿ ಹೋದೋನು ಅಂಥದ್ದೇ ಅಂಗಿ ಹಾಕಿದ್ನಂತೆ. ನಿನ್ನೆ ಯಜಮಾನ್ರನ್ನ ಕೇಳಿದ್ರೆ, ಅವಳು ಕೊಟ್ಟಿದ್ದು ಹಾಕ್ಕಂತೀನಿ, ಬಣ್ಣ ಯಾರು ನೋಡ್ತಾರೆ ಅಂದ್ರು,” ಎಂದು ಅವನು ನಕ್ಕ. ನಗು ಬೇಗ ನಿಂತಿತು.

“ಅದಾ? ಬೆನ್ನಾಗೆ ಪಿಸಿದು ಹೋಗಿತ್ತು. ಹರಿದು ಚುಕ್ಕಿ ಮೈ ತಿಕ್ಕಾಕೆ ಇಟ್ಕಂಡೆ. ಇಲ್ನೋಡ್ರಿ.”

ಜಯಕ್ಕ ಗೋಡೆಯ ಸಂದಿಗೆ ಕಣ್ಣಿಟ್ಟಳು. ಏಕಾಂತಮ್ಮ ಕರುವಿನ ಬೆನ್ನನ್ನು ಬಟ್ಟೆಯಿಂದ ಗಸಗಸ ಉಜ್ಜುತ್ತಿದ್ದಳು. ನೀಲಿ ಪಟ್ಟೆ ಸಗಣಿಯಲ್ಲಿ ಕಂಡೂ ಕಾಣದಂತಿತ್ತು. ಬಟ್ಟೆಗೆ ತೋಳಿರಲಿಲ್ಲ, ಕಾಲರಿರಲಿಲ್ಲ. ಮುನಿಯಪ್ಪ ಅದನ್ನು ನೋಡಿದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅವನ ಕಣ್ಣು ನಿಧಾನವಾಗಿ ಮೋಟುಗೋಡೆಯ ಕಡೆ ಹೊರಳಿತು.

ಈಚೆ ಕಲ್ಲಿನ ಬಡಿತ ನಿಂತುಹೋಗಿತ್ತು.

“ಏನೇ ಚುಕ್ಕಿ,” ಎಂದಳು ಏಕಾಂತಮ್ಮ, ಕೈ ನಿಲ್ಲಿಸದೆ. “ಇವತ್ತು ಕಲ್ಲಿಗೆ ಬಾಯಿ ಬಿದ್ದು ಹೋಗೈತಾ? ನಿನ್ನೆ ತನಕ ನಮ್ಮ ಕಿವಿ ಕಿತ್ತು ಹೋಗಂಗೆ ಬಡೀತಿದ್ರು.”

ಜಯಕ್ಕ ಬಾಗಿ ಸೀರೆಯನ್ನೆತ್ತಿದಳು. ತಲೆಯ ಮೇಲಿನವರೆಗೆ ಎತ್ತಿ ಕಲ್ಲಿಗೆ ಬಡಿದಳು. ಮತ್ತೆ ಎತ್ತಿದಳು, ಮತ್ತೆ ಬಡಿದಳು. ತಣ್ಣೀರು ಮುಖಕ್ಕೆ ಸಿಡಿಯಿತು. ಒಂದೊಂದು ಏಟಿನ ನಡುವೆಯೂ ಉಸಿರು ಹಿಡಿದು, ಆಚೆಯ ಕುರ್ಚಿ ಅಲುಗುತ್ತದೋ ಎಂದು ಕಿವಿಗೊಟ್ಟಳು.