ಹೊರಗೆ ನಿಂತ ದಾನಿ

ಬೆಣ್ಣೆ ಹಚ್ಚುವುದು ನನ್ನ ಉದ್ಯೋಗ. ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗಕ್ಕೆ ದುಡ್ಡು ಕೊಡುವವರನ್ನು ಹುಡುಕಿ, ಕರೆತಂದು, ಅವರ ಹಳಸಲು ಜೋಕಿಗೆ ನಕ್ಕು ಕಳಿಸುವುದಕ್ಕೆ ನನಗೆ ಸಂಬಳ. ಕಾನೂನು ವಿಭಾಗದವರಿಗೆ ಈ ತಾಪತ್ರಯವಿಲ್ಲ. ಅವರ ಹಳೆಯ ವಿದ್ಯಾರ್ಥಿಗಳೇ ಕಾರಿನಲ್ಲಿ ಬಂದು ಕೊಟ್ಟು ಹೋಗುತ್ತಾರೆ. ನಮ್ಮ ಹಳೆಯ ವಿದ್ಯಾರ್ಥಿಗಳೆಲ್ಲ ಮೇಷ್ಟರು. ಅವರನ್ನು ಕರೆಸಿದರೆ ಬಸ್ ಚಾರ್ಜು ನಾವೇ ಕೊಡಬೇಕು.

ಈ ಸಲ ಬಲೆಗೆ ಬಿದ್ದವರು ಹಾಸಿಗೆ ಕಾರ್ಖಾನೆಯ ಯಜಮಾನರು. ನಮ್ಮ ವಿದ್ಯಾರ್ಥಿಗಳು ಕೊನೆಯ ಅರ್ಧ ವರ್ಷ ಶಾಲೆಗಳಲ್ಲಿ ಪುಕ್ಕಟೆ ಪಾಠ ಮಾಡಬೇಕು. ಆಗ ಅವರ ಹೊಟ್ಟೆ ನೋಡಿಕೊಳ್ಳುತ್ತಿದ್ದ ದಾನಿ ಕೈ ಎತ್ತಿಬಿಟ್ಟಿದ್ದ. ಯಜಮಾನರು ಒಪ್ಪದಿದ್ದರೆ, ಸಂಜೆ ಹೊತ್ತು ಔಷಧದ ಅಂಗಡಿಯಲ್ಲಿ ದುಡಿದು ನಮ್ಮಲ್ಲೇ ಓದುತ್ತಿದ್ದ ನನ್ನ ಅಕ್ಕನ ಮಗಳು ಓದಿಗೆ ಎಳ್ಳುನೀರು ಬಿಟ್ಟು ಇಡೀ ದಿನ ಮಾತ್ರೆ ಮಾರಬೇಕಿತ್ತು. ವಿಭಾಗದ ಚಿಂತೆ ಹಾಗಿರಲಿ, ನನಗೆ ಅವಳದೇ ಚಿಂತೆ.

"ದುಡ್ಡು ಎಲ್ಲಿಗೆ ಹೋಗತ್ತೆ ಅಂತ ನಾನೇ ಕೂತು ನೋಡ್ಬೇಕು," ಎಂದರು ಯಜಮಾನರು. ಸರಿ, ಅಭ್ಯಾಸ ಪಾಠಕ್ಕೆ ಕರೆತಂದೆ. ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬರು ಟೀಚರ್ ಆಗಿ ಪಾಠ ಮಾಡುತ್ತಾರೆ, ಉಳಿದವರು ಮಕ್ಕಳಾಗಿ ಕೂರುತ್ತಾರೆ. ಬೆಂಚಿನ ಮೇಲೆ ಕೂತವರು ಯಾರೇ ಆಗಲಿ, ಮಕ್ಕಳೇ. ಅಂದು ಟೀಚರ್ ಆಗುವ ಸರದಿ ಅಕ್ಕನ ಮಗಳದು. ಯಜಮಾನರಿಗೆಂದು ಮೆತ್ತನೆಯ ಕುರ್ಚಿ ಹಾಕಿಸಿದ್ದೆ. ಅವರು ಅದನ್ನು ಬಿಟ್ಟು ನೇರವಾಗಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ಅಲ್ಲಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಅವಳು ಕಾಗದವೊಂದನ್ನು ಮಡಚಿದಳು. "ಈಗ ಎಷ್ಟು ಭಾಗ ಆಯ್ತು?"

"ಎರಡು," ಎಂದರು ಯಜಮಾನರು.

ಇನ್ನೊಮ್ಮೆ ಮಡಚಿದಳು. "ನಾಲ್ಕು," ಎಂದವರೂ ಅವರೇ.

"ಗೊತ್ತಾಯ್ತು ಮರಿ, ಬೇರೆಯವರೂ ಹೇಳ್ಲಿ," ಎಂದಳು ಅಕ್ಕನ ಮಗಳು. ಪಕ್ಕದಲ್ಲಿದ್ದ ವಿಭಾಗದ ಮುಖ್ಯಸ್ಥರು ನನ್ನನ್ನು ದುರುಗುಟ್ಟಿ ನೋಡಿದರು. ಅಷ್ಟರಲ್ಲಿ ಯಜಮಾನರ ಫೋನು ರಿಂಗಾಯಿತು. ಅವರು "ಹೇಳೇ" ಎಂದು ಹಾಯಾಗಿ ಮಾತು ಶುರುಮಾಡಿದರು.

ಅವಳು ಬೆಂಚಿನ ಹತ್ತಿರ ಹೋಗಿ ಕೈ ಚಾಚಿದಳು. "ಕೊಡಿಲ್ಲಿ."

ಅದೇನಾಯಿತೋ, ಕೊಟ್ಟುಬಿಟ್ಟರು. ಅವಳು ಫೋನನ್ನು ಕಿವಿಗಿಟ್ಟುಕೊಂಡು, "ನಮಸ್ಕಾರ ಅಮ್ಮ, ನಿಮ್ಮ ಹುಡುಗ ಪಾಠದಲ್ಲಿದ್ದಾನೆ, ಮುಗಿದ ಮೇಲೆ ಮಾತಾಡ್ತಾನೆ," ಎಂದಳು.

ಆ ಕಡೆಯಿಂದ ಯಜಮಾನರ ಹೆಂಡತಿಯ ಧ್ವನಿ ಇಡೀ ಕೋಣೆಗೆ ಕೇಳಿಸಿತು. "ತುಂಬಾ ಗಲಾಟೆ ಮಾಡ್ತಾನಾ ಟೀಚರ್?"

"ಸ್ವಲ್ಪ."

"ಮನೇಲೂ ಹಾಗೇ. ಯಾರಿಗೂ ಬಾಯಿ ಬಿಡೋಕೆ ಬಿಡಲ್ಲ. ಹೊರಗೆ ನಿಲ್ಲಿಸಿ."

ಅಕ್ಕನ ಮಗಳು ಬಾಗಿಲು ತೋರಿಸಿದಳು. ಯಜಮಾನರು ಎದ್ದು ನಡೆದರು. ನಾನು ಹಿಂದೆಯೇ ಓಡಿದೆ.

ಅವರು ಗೋಡೆಗೆ ಒರಗಿ ನಿಂತಿದ್ದರು. ಕಿವಿ ಕೆಂಪಾಗಿತ್ತು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ಚಿಕ್ಕೋನಿದ್ದಾಗ ದಿನಾ ಹೀಗೇ ನಿಲ್ಲಿಸ್ತಿದ್ರು," ಎಂದರು ಅವರೇ. "ಒಂದು ದಿನ ವಾಪಸ್ ಕರೆಯೋದನ್ನ ಮರೆತ್ರು. ಶಾಲೆ ಬಿಡೋವರೆಗೂ ನಿಂತಿದ್ದೆ. ಮಾರನೇ ದಿನದಿಂದ ಹೋಗ್ಲೇ ಇಲ್ಲ."

ಹಚ್ಚಲು ನನ್ನ ಬಳಿ ಬೆಣ್ಣೆ ಇರಲಿಲ್ಲ. ಪಾಪ ಅನಿಸಿ ನಾನೂ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತೆ.

ಬಾಗಿಲು ತೆರೆಯಿತು. "ಒಳಗೆ ಬಾ, ನಿನಗೆ ಅಂತ ಒಂದು ಪ್ರಶ್ನೆ ಇಟ್ಟಿದ್ದೀನಿ," ಎಂದಳು ಅವಳು. "ಮೂರನೇ ಸಲ ಮಡಚಿದ್ರೆ ಎಷ್ಟು ಭಾಗ?"

"ಆರು," ಎಂದರು ಯಜಮಾನರು, ಗತ್ತಿನಿಂದ.

"ಸರಿಯಾಗಿ ಹೇಳಿದ್ರಿ ಸರ್," ಎಂದರು ಮುಖ್ಯಸ್ಥರು. ನನ್ನ ಕೆಲಸಕ್ಕೇ ಸಂಚಕಾರ ತರುವ ಮನುಷ್ಯ.

ಅಕ್ಕನ ಮಗಳು ಕಾಗದವನ್ನು ಯಜಮಾನರ ಕೈಗಿತ್ತಳು. "ನೀನೇ ಮಡಚಿ, ಬಿಚ್ಚಿ, ಎಣಿಸು."

ಅವರು ದಪ್ಪ ಬೆರಳಿಟ್ಟು ಎಣಿಸಿದರು. ನಂಬಿಕೆ ಬರದೆ ಇನ್ನೊಮ್ಮೆ ಎಣಿಸಿದರು. "ಎಂಟು," ಎಂದರು ಮೆಲ್ಲಗೆ. ಮುಖ್ಯಸ್ಥರತ್ತ ತಿರುಗಿ, "ಕಾರ್ಖಾನೇಲೂ ಹೀಗೇ ರೀ. ನಾನು ಆರು ಅಂದ್ರೆ ಎಲ್ಲರಿಗೂ ಆರೇ," ಎಂದರು.

ಪಾಠ ಮುಗಿದ ಮೇಲೆ ನಾನು ಅಕ್ಕನ ಮಗಳನ್ನು ಮೂಲೆಗೆ ಎಳೆದುಕೊಂಡು ಹೋದೆ. "ಅವರು ಯಾರು ಅಂತ ಗೊತ್ತಿರಲಿಲ್ವೇನೇ?"

"ಗೊತ್ತಿತ್ತು ಚಿಕ್ಕಮ್ಮ. ಅದಕ್ಕೇ ಎರಡು ಉತ್ತರ ಸಹಿಸ್ಕೊಂಡೆ."

ವಿದ್ಯಾರ್ಥಿವೇತನ ಬಂತು, ಅವಳಿಗೂ ಅವಳ ಜೊತೆಯವರಿಗೂ. ಸಭಾಂಗಣಕ್ಕೆ ನಿಮ್ಮ ಹೆಸರಿಡುತ್ತೇವೆಂದು ಮುಖ್ಯಸ್ಥರು ಅಂಗಲಾಚಿದರು, ಯಜಮಾನರು ಬೇಡವೆಂದರು. ತಾವು ನಿಂತಿದ್ದ ಗೋಡೆಗೆ ಒಂದು ಹಿತ್ತಾಳೆ ಫಲಕ ಮಾತ್ರ ಹಾಕಿಸಿದರು. ಅದರಲ್ಲಿ ಅವರ ಹೆಸರಿಲ್ಲ. ಪಾಠ ಕಲಿಸಲು ಹೊರಟ ಪ್ರತಿಯೊಬ್ಬರೂ ಓದಿಕೊಂಡೇ ಒಳಗೆ ಹೋಗಬೇಕು: "ಇಲ್ಲಿ ನೀವು ನಿಲ್ಲಿಸಿದವರನ್ನು ಒಳಗೆ ಕರೆಯಲು ಮರೆಯಬೇಡಿ."