ಮೊದಲು ಹೊರಟವನು

ನೆವಿಲ್ ಸ್ಟ್ರಾಹನ್ ಐವತ್ತೇಳನೇ ವಯಸ್ಸಿನಲ್ಲಿ ಓಡಲು ಶುರುಮಾಡಿದ್ದು ಆರೋಗ್ಯಕ್ಕಲ್ಲ, ಹೆಂಡತಿಯನ್ನು ಮನೆಗೆ ಕರೆತರುವುದಕ್ಕೆ. ಕಾರ್ಮೆಲ್ ಮನೆ ಬಿಟ್ಟು ಆಗಲೇ ಒಂದು ಬೇಸಿಗೆ ಕಳೆದಿತ್ತು. ಜಗಳವಿಲ್ಲ, ಕೂಗಾಟವಿಲ್ಲ, ನಡುವೆ ಇನ್ನೊಬ್ಬ ಗಂಡಸೂ ಇಲ್ಲ. ಒಂದು ಭಾನುವಾರ ತನ್ನ ಬಟ್ಟೆ, ಹೊಲಿಗೆ ಯಂತ್ರ, ಓಟದ ಬೂಟುಗಳನ್ನು ಕಾರಿಗೆ ತುಂಬಿಕೊಂಡು, ಔಷಧಿ ಅಂಗಡಿಯ ಹಿಂದಿನ ಬಾಡಿಗೆ ಮನೆಗೆ ಹೋದಳು. "ಫ್ರಿಜ್ಜಲ್ಲಿ ಕುರಿಮಾಂಸದ ಸಾರಿದೆ, ಬಿಸಿ ಮಾಡ್ಕೊ" ಅಂದಳು, ಅಷ್ಟೆ. ಸಿಟ್ಟಾಗಿ ಹೋದವರು ಸಿಟ್ಟಿಳಿದ ಮೇಲೆ ಬಂದಾರು. ಸಾರು ಮಾಡಿಟ್ಟು ಹೋದವಳನ್ನು ಯಾವ ಮಾತು ಹೇಳಿ ಕರೆಯುವುದು?

ಹೆಂಡತಿ ನೆವ್ ಎಂದು ಕರೆಯುವ ನೆವಿಲ್‌ಗೆ ಆ ಮಾತು ಯಾವುದೆಂದು ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದ. ಮಕ್ಕಳು ದೊಡ್ಡವರಾಗಿ ಪರ್ತ್ ಕಡೆ ಹೋದ ಮೇಲೆ ಕಾರ್ಮೆಲ್ ಊರಿನ ಓಟದ ಕ್ಲಬ್ಬು ಸೇರಿದ್ದಳು. ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಕೆರೆ ಸುತ್ತ ಐದು ಕಿಲೋಮೀಟರು. ಪ್ರತಿ ಸಲವೂ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಳು. "ಬಾ ನೆವ್, ನಡ್ಕೊಂಡಾದ್ರೂ ಬಾ. ಒಬ್ಬಳೇ ಹೋಗೋಕೆ ಬೇಜಾರು."

ನೆವ್ ಸೋಫಾದಿಂದ ಏಳುತ್ತಿರಲಿಲ್ಲ. ವಾರವೆಲ್ಲ ಹಾಲಿನ ಟ್ಯಾಂಕರು ಓಡಿಸಿದ ಮೈ, ಟೀವಿಯಲ್ಲಿ ಫುಟ್ಬಾಲು, ಕೈಯಲ್ಲಿ ಬಿಯರು. "ಹಿಂದಿಂದ ಗೂಳಿ ಅಟ್ಟಿಸ್ಕೊಂಡು ಬಂದ್ರೆ ಓಡ್ತೀನಿ, ಸುಮ್ಮಸುಮ್ಮನೆ ಓಡೋಕೆ ನನಗೇನು ಹುಚ್ಚಾ?" ಎನ್ನುತ್ತಿದ್ದ. ಮೊದಮೊದಲು ಅವಳು ನಗುತ್ತಿದ್ದಳು. ಆಮೇಲೆ ನಗದೆ ಕರೆದಳು. ಒಂದು ದಿನ ಕರೆಯುವುದನ್ನೂ ನಿಲ್ಲಿಸಿದಳು. ಅದು ಯಾವ ದಿನವೆಂಬುದನ್ನು ಕೂಡ ಈ ಮಹಾನುಭಾವ ಗಮನಿಸಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗೆ.

ಕ್ಲಬ್ಬಿನ ಯಜಮಾನಿಕೆ ಐಲ್ಸಾ ಮನ್ರೋ ಕೈಯಲ್ಲಿತ್ತು. ಒಂದು ಕಾಲಕ್ಕೆ ನೆವ್‌ಗೆ ಮಗ್ಗಿ ಕಲಿಸಿದ ಟೀಚರು. ಎಪ್ಪತ್ತು ದಾಟಿದರೂ ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ. ಹೊಸಬರು ಮೊದಲು ಅವಳೆದುರು ಒಮ್ಮೆ ಓಡಿ ತೋರಿಸಬೇಕು. ಅಲ್ಲಿ ಚಳಿಗಾಲವಾದ ಜೂನ್ ತಿಂಗಳಲ್ಲಿ, ಬೇರೆ ಯಾರೂ ಇಲ್ಲದ ಒಂದು ಮಂಗಳವಾರ ನೆವ್ ಓಡಿ ತೋರಿಸಿದ. ಓಡಿದ್ದಕ್ಕಿಂತ ನಡೆದದ್ದು ಹೆಚ್ಚು, ನಡೆದದ್ದಕ್ಕಿಂತ ಬೇಲಿ ಹಿಡಿದು ನಿಂತದ್ದು ಹೆಚ್ಚು.

"ಏನೋ ನೆವಿಲ್, ನಿನಗಿಂತ ನಮ್ಮ ಕೆರೆ ಬಾತುಕೋಳಿ ವಾಸಿ ಕಣೋ" ಎಂದಳು ಐಲ್ಸಾ. "ನಿನ್ನನ್ನ ಎಲ್ಲರಿಗಿಂತ ಮೊದಲು ಬಿಡ್ಬೇಕಾಗುತ್ತೆ."

ಆ ಕ್ಲಬ್ಬಿನ ಪದ್ಧತಿಯೇ ಹಾಗೆ. ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ. ನಿಧಾನದವರು ಮೊದಲು ಹೊರಡಬೇಕು, ಚುರುಕಿನವರು ಕೊನೆಗೆ. ಐಲ್ಸಾಳ ಲೆಕ್ಕ ಸರಿಯಿದ್ದರೆ ಕುಂಟನೂ ಕುದುರೆಯೂ ಗುರಿಯ ಹತ್ತಿರ ಒಟ್ಟಿಗೆ ಸೇರುತ್ತಾರೆ.

"ಕಾರ್ಮೆಲ್ ಯಾವಾಗ ಹೊರಡ್ತಾಳೆ, ಟೀಚರ್?"

"ಅವಳು ಕೊನೇ ಗುಂಪು. ಯಾಕೆ?"

"ಸುಮ್ನೆ ಕೇಳ್ದೆ."

ಸುಮ್ಮನೆ ಏನಲ್ಲ. ನೆವ್‌ನ ತಲೆಯಲ್ಲಿ ಆಗಲೇ ಚಿತ್ರ ಬರೆದಾಗಿತ್ತು. ತಾನು ಮೊದಲು ಹೊರಡುವುದು, ಅವಳು ಹಿಂದಿನಿಂದ ಬರುವುದು. ಕೊನೆಯ ತಿರುವಿನಲ್ಲಿ, ಪೇಪರ್‌ಬಾರ್ಕ್ ಮರಗಳ ಕೆಳಗೆ ಅವಳು ಸಿಗುತ್ತಾಳೆ. ಅಲ್ಲಿಂದ ಗುರಿಯವರೆಗೆ ಇಬ್ಬರೂ ಜೊತೆಯಲ್ಲಿ ಓಡುವುದು. ಓಡುತ್ತಲೇ ಹೇಳುವುದು: "ಮನೆಗೆ ಬಾ ಕಾರ್ಮೆಲ್. ಇನ್ಮೇಲೆ ನಾನೂ ಬರ್ತೀನಿ." ಸೆಪ್ಟೆಂಬರ್ ಓಟದ ದಿನ ಹೇಳುವುದೆಂದು ನಿಶ್ಚಯಿಸಿದ. ಅಷ್ಟರಲ್ಲಿ ಅವಳ ಪಕ್ಕದಲ್ಲಿ ಓಡುತ್ತ ಮಾತಾಡುವಷ್ಟಾದರೂ ಉಸಿರು ಬೇಕಿತ್ತು.

ಅವಳ ಕಣ್ಣಿಗೆ ಬೀಳದಂತೆ ಊರಾಚೆಯ ಹಳೆಯ ರೈಲು ಹಾದಿಯಲ್ಲಿ ಅಭ್ಯಾಸ ಶುರುವಾಯಿತು. ಒಂದು ವಿದ್ಯುತ್ ಕಂಬದಿಂದ ಇನ್ನೊಂದಕ್ಕೆ ಓಟ, ಮುಂದಿನ ಕಂಬದವರೆಗೆ ನಡಿಗೆ. ಮೊದಲ ವಾರ ಮೊಣಕಾಲು ಊದಿ ಟ್ಯಾಂಕರಿನ ಮೆಟ್ಟಿಲು ಹತ್ತಲಾಗಲಿಲ್ಲ. ಹಾಲು ತುಂಬಿಸಿಕೊಳ್ಳಲು ಹೋದ ಕಡೆ ಡೈರಿಯವರು, "ಏನ್ ಗುರುವೇ, ಅಜ್ಜನ ಥರ ಇಳೀತಿದ್ದೀಯಲ್ಲ" ಎಂದು ಆಡಿಕೊಂಡರು. ಬೇಲಿಯಾಚೆಯ ಹಸುಗಳು ಮೇಯುವುದು ಬಿಟ್ಟು ಸಾಲಾಗಿ ನಿಂತು ಅವನನ್ನೇ ನೋಡುತ್ತಿದ್ದವು. ಬೆಳಗಿನ ಮಾಂಸದ ಪೈ ಬಿಟ್ಟ. ಬಿಯರು ಕಡಿಮೆ ಮಾಡಿದ. ಕಂಬಗಳ ನಡುವಿನ ನಡಿಗೆ ಒಂದೊಂದಾಗಿ ಕಳಚಿಹೋಯಿತು.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ವಾಟಲ್ ಮರಗಳೆಲ್ಲ ಹೂಬಿಟ್ಟು ಹಳದಿಯಾಗಿದ್ದವು. ಆವತ್ತು ಅವನು ಎಲ್ಲೂ ನಿಲ್ಲದೆ ಸೇತುವೆಯವರೆಗೆ ಓಡಿದ. ಉಸಿರು ತನ್ನಷ್ಟಕ್ಕೆ ತಾನು ಬರುತ್ತಿತ್ತು, ಹೋಗುತ್ತಿತ್ತು. ಮೈ ಹಗುರವಾಗಿ, ತಲೆಯಲ್ಲಿ ಒಂದೇ ಒಂದು ಯೋಚನೆಯಿರಲಿಲ್ಲ. ಸೇತುವೆಯ ಕಟ್ಟೆಯ ಮೇಲೆ ಕುಳಿತಾಗ ಅವನಿಗೆ ಅಳು ಬಂತು. ಇಷ್ಟೇನಾ ಅವಳು ಕೇಳಿದ್ದು? ಇಷ್ಟು ಚೆನ್ನಾಗಿರುವುದನ್ನು ಹಂಚಿಕೊಳ್ಳೋಣ ಬಾ ಎಂದು ಕರೆದರೆ, ಅಷ್ಟು ವರ್ಷ ಗೂಳಿಯ ಮಾತು ಹೇಳಿ ಕಳಿಸಿದೆನಲ್ಲ ಎಂದು ತನ್ನನ್ನೇ ಬೈದುಕೊಂಡ.

ಓಟದ ದಿನ ಬಿಸಿಲಿತ್ತು. ಕಸಾಯಿಯವನು ಕೊಟ್ಟ ಬಹುಮಾನ, ಮಾಂಸ ಜೋಡಿಸಿದ ದೊಡ್ಡ ತಟ್ಟೆ, ಮೇಜಿನ ಮೇಲೆ ಬಟ್ಟೆ ಹೊದ್ದು ಕೂತಿತ್ತು. ಎಲ್ಲರ ಮುಂದೆ ಒಬ್ಬನೇ ಗೆರೆಯಲ್ಲಿ ನಿಂತಾಗ ನೆವ್‌ಗೆ ನಾಚಿಕೆಯಾಯಿತು. ದೂರದಲ್ಲಿ ಕಾರ್ಮೆಲ್ ಕೂದಲು ಕಟ್ಟಿಕೊಳ್ಳುತ್ತಿದ್ದಳು. ಅವನನ್ನು ಕಂಡು ಕೈ ಅರ್ಧದಲ್ಲೇ ನಿಂತಿತು. ಆಮೇಲೆ ಆ ಕೈಯನ್ನೇ ಸ್ವಲ್ಪ ಎತ್ತಿ ಬೀಸಿದಳು. ಅಷ್ಟಕ್ಕೇ ನೆವ್‌ನ ಎದೆ ತುಂಬಿಬಂತು. ಐಲ್ಸಾ ಸೀಟಿ ಊದಿದಳು.

ಅವನು ಮಾಡಿದ ತಪ್ಪು ಚೆನ್ನಾಗಿ ಓಡಿದ್ದು. ಹೊಸಬ ಸುಧಾರಿಸಿರಬಹುದೆಂದು ಐಲ್ಸಾ ಅವನಿಗೆ ಕೊಟ್ಟ ಮುಂಗಡ ಸಮಯದಲ್ಲಿ ಒಂದಿಷ್ಟು ಕಡಿತ ಮಾಡಿದ್ದಳು ನಿಜ, ಆದರೆ ಆ ಬಾತುಕೋಳಿ ಇಷ್ಟು ಕಲಿತೀತೆಂದು ಅವಳಿಗಾದರೂ ಹೇಗೆ ಗೊತ್ತು? ಕೆರೆಯ ಆಚೆ ದಡ ದಾಟಿದರೂ ಹಿಂದೆ ಒಂದು ಹೆಜ್ಜೆಯ ಸದ್ದಿಲ್ಲ. ಪೇಪರ್‌ಬಾರ್ಕ್ ತಿರುವು ಬಂತು. ತಿರುಗಿ ನೋಡಿದ, ದಾರಿ ಖಾಲಿ. ಹೀಗೇ ಹೋದರೆ ಅವನೇ ಗೆಲ್ಲುವವನಿದ್ದ.

ಗೆದ್ದು ಮಾಂಸದ ತಟ್ಟೆ ಕಟ್ಟಿಕೊಂಡು ಏನು ಮಾಡುವುದು? ಒಬ್ಬನೇ ತಿನ್ನುವುದೇ? ನೆವ್ ನಿಧಾನ ಮಾಡಿದ, ಆಮೇಲೆ ನಡೆದ, ಕೊನೆಗೆ ನಿಂತೇಬಿಟ್ಟ. ಬಗ್ಗಿ, ಬಿಚ್ಚಿಹೋಗದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದ. ಒಬ್ಬೊಬ್ಬರಾಗಿ ಬಂದು ದಾಟಿದರು. ದಾಟುವಾಗ ಪ್ರತಿಯೊಬ್ಬರೂ, "ಚೆನ್ನಾಗಿ ಓಡ್ತಿದ್ದೀಯ, ಬಿಡಬೇಡ" ಎಂದರು. ಅಲ್ಲಿ ತಾವು ಹಿಂದೆ ಹಾಕಿದವರಿಗೆಲ್ಲ ಹಾಗೆ ಹೇಳಿ ಹೋಗುವುದು ರೂಢಿ. ನಿಂತು ಲೇಸು ಕಟ್ಟುವವನಿಗೂ ಹೇಳಿದರು.

ಆಮೇಲೆ ಅವಳು ಬಂದಳು. ಅವಳು ಓಡುವುದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಭುಜ ಸಡಿಲವಾಗಿ, ಮುಖ ಶಾಂತವಾಗಿ, ಯಾರದೂ ಹಂಗಿಲ್ಲದವಳ ಹಾಗೆ ಬರುತ್ತಿದ್ದಳು. ನೆವ್ ಪಕ್ಕಕ್ಕೆ ಸೇರಿ ಓಡತೊಡಗಿದ.

"ಕಾರ್ಮೆಲ್" ಎಂದ.

ಅವಳು ತಿರುಗಿ ಅವನ ಮುಖ ನೋಡಿದಳು. "ಚೆನ್ನಾಗಿ ಓಡ್ತಿದ್ದೀಯ, ಬಿಡಬೇಡ" ಎಂದಳು. ಹೆಜ್ಜೆ ಒಂದಿಷ್ಟೂ ನಿಧಾನವಾಗಲಿಲ್ಲ. ನೆವ್ ಇದ್ದ ಶಕ್ತಿಯನ್ನೆಲ್ಲ ಹಾಕಿ ಬೆನ್ನುಹತ್ತಿದ, ಸ್ವಲ್ಪ ದೂರ ಹತ್ತಿದ ಕೂಡ. ಆಮೇಲೆ ಅವಳ ನೀಲಿ ಅಂಗಿ ಮರಗಳಾಚೆ ಹೋಯಿತು.

ಗುರಿ ಮುಟ್ಟಿದವನಿಗೆ ಅವಳೇ ಒಂದು ಲೋಟ ನೀರು ತಂದುಕೊಟ್ಟಳು. "ನೀನು ಓಡೋದು ನೋಡಿ ಸಂತೋಷ ಆಯ್ತು ನೆವ್. ನಿಜವಾಗ್ಲೂ."

"ನಿನ್ನ ಜೊತೆ ಓಡೋಣ ಅಂತ ಕಲಿತೆ. ಮನೆಗೆ ಬಾ. ಇನ್ಮೇಲೆ ಪ್ರತಿ ಸಲ ಬರ್ತೀನಿ, ನೀನು ಕರೀದಿದ್ರೂ ಬರ್ತೀನಿ."

ಕಾರ್ಮೆಲ್ ಕೆರೆಯ ಕಡೆ ನೋಡಿದಳು. ಅವಳ ಕಣ್ಣು ಒದ್ದೆಯಾಗಿತ್ತು. "ನಿನ್ನ ಕರೆದೂ ಕರೆದೂ ನಾನು ಒಬ್ಬಳೇ ಓಡೋದು ಕಲಿತುಬಿಟ್ಟೆ, ನೆವ್. ಮೊದಲು ಅಳ್ತಾ ಓಡ್ತಿದ್ದೆ. ಈಗ ಅಳು ಬರಲ್ಲ. ಈಗ ನನಗೆ ಹಾಗೇ ಇಷ್ಟ." ಖಾಲಿ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡಳು. "ನೀನು ಓಡೋದು ಮಾತ್ರ ಬಿಡಬೇಡ" ಎಂದು ಹೇಳಿ ಕಾರಿನ ಕಡೆ ನಡೆದಳು.

ನೆವ್ ಹುಲ್ಲಿನ ಮೇಲೆ ಕುಳಿತ. ಅಷ್ಟರಲ್ಲಿ ಐಲ್ಸಾ ಸಿಡಿಮಿಡಿಗುಟ್ಟುತ್ತ ಬಂದಳು.

"ಎದ್ದು ನಿಲ್ಲೋ. ತಿರುವಲ್ಲಿ ಬೇಕಂತಲೇ ನಿಂತೆಯಂತೆ. ಇವನು ನಿಧಾನ ಅಂತ ನಾನು ಮುಂದಿನ ಸಲ ಇನ್ನೂ ಮೊದಲು ಬಿಡ್ಲಿ, ಆಮೇಲೆ ತಟ್ಟೆ ಹೊಡೀಬಹುದು ಅಂತ ತಾನೆ? ಇಂಥ ಕಳ್ಳಾಟ ಎಷ್ಟು ನೋಡಿಲ್ಲ ನಾನು. ಕಾಲಲ್ಲಿರೋ ಶಕ್ತಿ ಬಚ್ಚಿಟ್ಟವರಿಗೆ ಇಲ್ಲಿ ಏನು ಶಿಕ್ಷೆ ಗೊತ್ತಾ? ಅಕ್ಟೋಬರಲ್ಲಿ ಕೊನೇ ಗುಂಪಿನ ಜೊತೆ ನಿಲ್ತೀಯ. ಕಾರ್ಮೆಲ್ ಪಕ್ಕದಲ್ಲೇ ಹೊರಡು, ಬುದ್ಧಿ ಬರುತ್ತೆ."

ಬೆಳಿಗ್ಗೆ ಯಾರಾದರೂ ಈ ಮಾತು ಹೇಳಿದ್ದರೆ ನೆವ್ ಅವರ ಕಾಲು ಹಿಡಿದುಕೊಳ್ಳುತ್ತಿದ್ದ. ಈಗ ತಲೆ ಎತ್ತಿ ಗೇಟಿನ ಕಡೆ ನೋಡಿದ.

"ಅದೊಂದು ಬೇಡ, ಟೀಚರ್. ಅವಳಿಗೆ ಒಬ್ಬಳೇ ಓಡೋದು ಇಷ್ಟ."

ಐಲ್ಸಾ ಅವನು ನೋಡುತ್ತಿದ್ದ ಕಡೆ ನೋಡಿದಳು. ಕಾರ್ಮೆಲ್‌ಳ ಕಾರು ಗೇಟು ದಾಟಿ ಹೆದ್ದಾರಿಗೆ ತಿರುಗುತ್ತಿತ್ತು. ಮುದುಕಿ ಮೊಣಕಾಲು ಹಿಡಿದುಕೊಂಡು, ಕಷ್ಟಪಟ್ಟು ಅವನ ಪಕ್ಕ ಹುಲ್ಲಿನ ಮೇಲೆ ಕುಳಿತಳು.

"ಹಾಗಾದ್ರೆ ಯಾವಾಗ ಬಿಡ್ಲಿ ನಿನ್ನನ್ನ?"

"ಎಲ್ಲರಿಗಿಂತ ಮೊದಲು" ಎಂದ ನೆವ್. "ಅವಳು ಬರೋ ಹೊತ್ತಿಗೆ ನಾನು ಓಡಿ ಮುಗಿಸಿ ಮನೆಗೆ ಹೋಗಿರ್ಬೇಕು."