ಗೋಡೆಯ ಮೇಲಿನ ಮಸಿ

"ಸಾರ್, ಈ ಗಾಡಿ ಯಾರ್ಯಾರು ಓಡಿಸ್ತೀರಾ?" ಮೆಕ್ಯಾನಿಕ್ ಬೈಕಿನಿಂದ ಬಿಚ್ಚಿದ ಪ್ಲಗ್ಗನ್ನು ಬೆಳಕಿಗೆ ಹಿಡಿದು ಕೇಳಿದ. ಅದು ಕಾಡಿಗೆ ಬಳಿದಂತೆ ಕಪ್ಪಾಗಿತ್ತು.

"ನಾನೊಬ್ಬನೇ."

"ಹಾಗಾದ್ರೆ ನಿಮಗೆ ನಿಮ್ಮ ಮೇಲೇ ಏನೋ ಸಿಟ್ಟಿರ್ಬೇಕು. ತಣ್ಣಗಿರೋ ಎಂಜಿನ್ನು, ಚೋಕ್ ಎಳೆದು ಸ್ಟಾರ್ಟ್ ಮಾಡಿ, ಆಯಿಲ್ ಮೇಲಕ್ಕೆ ಹತ್ತೋಕೂ ಬಿಡದೆ ಆಕ್ಸಲೇಟರ್ ತಿರುಚಿದ್ದಾರೆ. ಒಂದು ದಿನ ಅಲ್ಲ, ದಿನಾ. ಪಿಸ್ಟನ್ ರಿಂಗ್ ಸವೆದಿದೆ. ಅದೂ ನಿಂತ ಜಾಗದಲ್ಲೇ. ಓಡೋ ಗಾಡಿಗೆ ಗಾಳಿ ಬಡಿಯುತ್ತೆ, ಸೈಲೆನ್ಸರ್ ಪೈಪು ಹೀಗೆ ಕಾದು ನೀಲಿಗಟ್ಟಲ್ಲ."

ಬೈಕಿನವನು ಪ್ಲಗ್ಗನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಕಾರ್ಖಾನೆಯಲ್ಲಿ ಅಳತೆ ಪರೀಕ್ಷಕನಾಗಿದ್ದ ಅವನು ಕೆಲಸಕ್ಕೆ ಹೋಗುತ್ತಿದ್ದುದು ಕಂಪನಿ ಬಸ್ಸಿನಲ್ಲಿ. ಬೈಕು ಸಂಜೆಗೆ ಮತ್ತು ರಜೆಗೆ ಮಾತ್ರ. ಸ್ಟಾರ್ಟ್ ಮಾಡಿದ ಮೇಲೆ ಎರಡು ನಿಮಿಷ ಕಾಯುತ್ತಿದ್ದ. ಬಂದ ಮೇಲೆ ಮಹಡಿಯ ಮೆಟ್ಟಿಲ ಕೆಳಗೆ ಡಬಲ್ ಸ್ಟ್ಯಾಂಡ್ ಹಾಕಿ, ಪೆಟ್ರೋಲ್ ನಾಬ್ ಮುಚ್ಚಿ, ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದ.

ಒಂದು ತಿಂಗಳಿಂದ ಕೆಲಸ ಮುಗಿಸಿ ಬಂದು ನೋಡಿದರೆ ಪೆಟ್ರೋಲ್ ನಾಬ್ ತೆರೆದೇ ಇರುತ್ತಿತ್ತು. ಅವನು ಕಿಲೋಮೀಟರ್ ಬರೆದಿಟ್ಟು ನೋಡಿದ, ಒಂದಂಕಿಯೂ ಏರಿರಲಿಲ್ಲ. ಟೈರಿನಿಂದ ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದ, ಗೆರೆ ಕದಲಿರಲಿಲ್ಲ. ಯಾರೋ ಗಾಡಿ ಸ್ಟಾರ್ಟ್ ಮಾಡುತ್ತಿದ್ದರು, ಎಲ್ಲಿಗೂ ಹೋಗುತ್ತಿರಲಿಲ್ಲ. ಹಗಲಲ್ಲಿ ಮನೆಯಲ್ಲಿರುವವಳು ಹೆಂಡತಿಯೊಬ್ಬಳೇ. ಆ ಸದ್ದು ಯಾರಿಗೆ? ಆ ಯೋಚನೆ ಬೇರಿಂಗಿಗೆ ಹೊಕ್ಕ ಮರಳಿನ ಹಾಗೆ ಅವನೊಳಗೆ ಕರಕರ ಎನ್ನುತ್ತಿತ್ತು.

ಹೋದ ಬುಧವಾರ ಕೀಲಿಯನ್ನು ಜೇಬಿಗೆ ಹಾಕಿಕೊಂಡೇ ಕೆಲಸಕ್ಕೆ ಹೋಗಿದ್ದ. ಸಂಜೆ ಬಂದಾಗ ಆ ಸೆಕೆಯಲ್ಲೂ ಕಿಟಕಿಗಳೆಲ್ಲ ಮುಚ್ಚಿದ್ದವು. ಒಗೆದ ಬಟ್ಟೆ ಬಕೆಟ್ಟಿನಲ್ಲೇ ಮುದ್ದೆಯಾಗಿತ್ತು. "ತಲೆನೋವು" ಎಂದಿದ್ದಳು. ಅದನ್ನೂ ಅವನು ಸಾಕ್ಷ್ಯದ ಪಟ್ಟಿಗೆ ಸೇರಿಸಿಕೊಂಡಿದ್ದ.

ಗಾಡಿಯನ್ನು ರಿಪೇರಿಗೆ ಬಿಟ್ಟು ಮನೆಗೆ ಬಂದವನು ಮೆಟ್ಟಿಲ ಕೆಳಗೆ ಬಗ್ಗಿ ನೋಡಿದ. ಸೈಲೆನ್ಸರ್ ಬಾಯಿ ಇರುತ್ತಿದ್ದ ಕಡೆ, ಗೋಡೆಯ ಮೇಲೆ ತಟ್ಟೆಯಗಲ ಮಸಿ.

"ದಿನಾ ಗಾಡಿ ಸ್ಟಾರ್ಟ್ ಮಾಡೋದು ನೀನಾ?"

"ಹೌದು." ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

"ಯಾರಿಗೆ ಸನ್ನೆ?"

ಅವಳು ತಲೆಯೆತ್ತಿ ಅವನನ್ನೇ ನೋಡಿದಳು. "ಸನ್ನೆನೇ. ಮೇಲಿನ ಮನೇಲಿರೋನಿಗೆ. ಮನೆ ಓನರ್ ಅಂಗಡಿಗೆ ಹೋದ ಮೇಲೆ, ಹನ್ನೊಂದಕ್ಕೆ, ಅವರ ತಮ್ಮ ಇಳಿದು ಬರ್ತಾನೆ. ನೀರು ಬರ್ತಿದ್ಯಾ ಅಂತ ಬಾಗಿಲು ಬಡೀತಾನೆ. ತೆಗೆದ್ರೆ ಕಾಲು ಒಳಗಿಟ್ಟು ನಿಂತ್ಕೊತಾನೆ. ನಿಮ್ಮ ಶಿಫ್ಟ್ ವಾರಕ್ಕೊಂದು ಥರ ಅಲ್ವಾ, ನೀವು ಯಾವಾಗ ಮನೇಲಿರ್ತೀರಿ ಅಂತ ಅವನಿಗೆ ಗೊತ್ತಾಗಲ್ಲ, ಗಾಡಿ ಸದ್ದು ಕೇಳಿದ್ರೆ ನೀವಿದ್ದೀರಿ ಅಂದ್ಕೊಂಡು ಇಳಿಯಲ್ಲ. ಮೆಲ್ಲಗೆ ತಿರುಚಿದ್ರೆ ಮೇಲಕ್ಕೆ ಕೇಳುತ್ತಾ?"

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮೊದಲು ಯಾರನ್ನ ಪರೀಕ್ಷೆ ಮಾಡ್ತಿದ್ರಿ ಹೇಳಿ? ಬುಧವಾರ ಕೀಲಿ ಯಾಕೆ ತಗೊಂಡು ಹೋದ್ರಿ ಅಂತ ನಾನು ಕೇಳಿದ್ನಾ?"

ಅವನು ಖಾಲಿ ಮೊಳೆಯ ಕಡೆ ನೋಡಿದ. ಬುಧವಾರ ಹನ್ನೊಂದು ಗಂಟೆಗೆ ಏನಾಯಿತೆಂದು ಕೇಳಲು ಬಾಯಿ ಬರಲಿಲ್ಲ.

ಮರುದಿನ ರಜೆ ಹಾಕಿದ. ತನ್ನ ಚಪ್ಪಲಿಗಳನ್ನು ಒಳಗೆ ತಂದಿಟ್ಟು, ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿ ಕುಳಿತ. ಬೈಕಿಲ್ಲದ ಮನೆ ನಿಶ್ಶಬ್ದವಾಗಿತ್ತು. ಹನ್ನೊಂದು ದಾಟಿ ಐದು ನಿಮಿಷಕ್ಕೆ ಹೆಜ್ಜೆಗಳು ಇಳಿಯತೊಡಗಿದವು. ಹದಿನಾಲ್ಕು ಮೆಟ್ಟಿಲು, ಅವನು ಎಣಿಸಿದ.

"ಮೇಡಂ, ನೀರು ಬರ್ತಿದ್ಯಾ?"

ಅವನು ಏಳಲು ಹೋದ. ಅವಳು ಕೈ ಅಡ್ಡ ಹಿಡಿದು ಕೂರಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಿಲಕ ತೆಗೆದಳು. ಬಾಗಿಲನ್ನು ಗೋಡೆಗೆ ತಾಗುವವರೆಗೂ ತೆರೆದಳು.

ಬಿಸಿಲು ನೆಲದ ಮೇಲೆ ಉದ್ದಕ್ಕೆ ಬಿದ್ದು ಕುರ್ಚಿಯ ಕಾಲನ್ನು ಮುಟ್ಟಿತು. ಹೊಸ್ತಿಲ ಒಳಗೆ ಆಗಲೇ ಬಂದಿದ್ದ ಒಂದು ಚಪ್ಪಲಿ ಕಾಲು ಅಲ್ಲೇ ಒಂದು ಗಳಿಗೆ ನಿಂತು, ಮೆಲ್ಲಗೆ ಹಿಂದಕ್ಕೆ ಸರಿಯಿತು.